ಖಂಡೇ ಪೂಜೆಯ ಮರುದಿನ

(ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಅವತ್ತು ಹೇಳದೆ ಉಳಿದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ತುಂಬ ಜನ ನನ್ನ ಕ್ಲಾಸಿನಲ್ಲಿ ಕೂತವರು. ಆಗ ನಾನು ಹೇಳಿದ್ದನ್ನು ನೀವು ಬರೆದುಕೊಳ್ಳಬೇಕಿತ್ತು. ಇವತ್ತು ಆ ಕಾಟ ಇಲ್ಲ. ಆರಾಮಾಗಿ ಕೂತು ಕೇಳಿ. ಕಳೆದ ವಿಜಯದಶಮಿಯ ದಿನ ನಾನು ಸೈಕಲ್ ಹತ್ತಿ ಬಾದಾಮಿಯಿಂದ ಐಹೊಳೆಗೆ ಹೋಗಿ ಬಂದೆ. ಆ ಒಂದು ದಿನದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ದೂರ ಹೇಳಿಬಿಡುತ್ತೇನೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್. ಅಲ್ಲಿಂದ ಐಹೊಳೆಗೆ ಇನ್ನೊಂದು 13, 14. ಹೋಗಿ ಬಂದರೆ ಎಪ್ಪತ್ತರ ಹತ್ತಿರ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಹುಡುಗರಿಗೆ ಇದು ಏನೂ ಅಲ್ಲ. ಬೆಳಗಿನ ಜಾವದ ಹೆದ್ದಾರಿಯಲ್ಲಿ ಬೆನ್ನು ಬಗ್ಗಿಸಿ ಸಾಲಾಗಿ ಹೋಗುವ ಆ ಮಕ್ಕಳನ್ನು ನೀವೂ ನೋಡಿದ್ದೀರಿ. ದೇಶದ ಮಟ್ಟದಲ್ಲಿ ಪದಕ ತಂದವರು ಅವರಲ್ಲಿದ್ದಾರೆ. ನಾನು ಅರವತ್ತು ದಾಟಿದವನು. ನನ್ನ ಸೈಕಲ್ಲಿಗೆ ಗೇರ್ ಇಲ್ಲ. ನನಗೆ ಎಪ್ಪತ್ತು ಅಂದರೆ ಇಡೀ ಒಂದು ದಿನ.

ಯಾಕೆ ಆ ದಿನವೇ ಹೋದೆ ಅಂದರೆ, ಅದಕ್ಕೆ ನಮ್ಮಪ್ಪನನ್ನು ನೆನೆಯಬೇಕು.

ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಕುಣಿ ಮಗ್ಗ ಇತ್ತು. ಅಪ್ಪ ಖಣ ನೇಯುತ್ತಿದ್ದರು. ಗುಳೇದಗುಡ್ಡದ ಖಣದ ಕುಪ್ಪಸ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಷ್ಟು ಆಸೆಯ ವಸ್ತು ಅನ್ನುವುದನ್ನು ನಾನು ಹೇಳಬೇಕಿಲ್ಲ. ನೇಯ್ದ ಖಣಗಳನ್ನು ಗಂಟು ಕಟ್ಟಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಾಕಿಕೊಂಡು ಅಪ್ಪ ಸಂತೆಗಳಿಗೆ ಹೋಗುತ್ತಿದ್ದರು. ಆ ಸೈಕಲ್ ಅವರು ಕೊಂಡದ್ದು 1974ರಲ್ಲಿ. ಕಪ್ಪು ಬಣ್ಣ. 28 ಇಂಚಿನ ಗಾಲಿ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಈ ಲೆಕ್ಕ ನನಗೆ ಬಾಯಿಪಾಠ. ಯಾಕೆಂದರೆ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಒಂದೊಂದು ಕಡ್ಡಿಯನ್ನೂ ಸೀಮೆಎಣ್ಣೆ ಅರಿವೆಯಿಂದ ಒರೆಸುವ ಕೆಲಸ ನನ್ನದಾಗಿತ್ತು. ನಾನು ಸೈಕಲ್ ಕಲಿತದ್ದೂ ಅದರ ಮೇಲೆಯೇ. ಸೀಟಿಗೆ ಕಾಲು ಎಟುಕುತ್ತಿರಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ, ಒಂದು ಕಡೆ ವಾಲಿಕೊಂಡು ಅರ್ಧ ಅರ್ಧ ಪ್ಯಾಡಲ್ ತುಳಿಯುತ್ತಿದ್ದೆ.

ನವಮಿಯ ದಿನ ಮನೆಯಲ್ಲಿ ಮಗ್ಗ ನಿಲ್ಲುತ್ತಿತ್ತು. ನೇಕಾರರ ಓಣಿಯಲ್ಲಿ ಬೆಳೆದವರಿಗೆ ಇದರ ಅರ್ಥ ಗೊತ್ತು. ವರ್ಷವಿಡೀ ಕಿವಿಯಲ್ಲಿರುವ ಆ ಟಕ್ ಟಕ್ ಸದ್ದು ಅವತ್ತು ಇರುವುದಿಲ್ಲ. ಇಡೀ ಓಣಿಯೇ ಉಸಿರು ಹಿಡಿದು ಕೂತ ಹಾಗೆ. ಲಾಳಿ, ಕತ್ತರಿ, ಅಳತೆ ಕೋಲು, ಅವ್ವನ ಈಳಿಗೆ, ನನ್ನ ಪಾಟಿ, ಎಲ್ಲವೂ ದೇವರ ಮುಂದೆ. ಸೈಕಲ್ ಪಡಸಾಲೆಯಲ್ಲಿ. ಹ್ಯಾಂಡಲ್ಲಿಗೆ ಚೆಂಡು ಹೂವಿನ ಮಾಲೆ. ಪೂಜೆಗೆ ಇಟ್ಟ ಹತಾರವನ್ನು ಮಾರನೇ ದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವ ಹಾಗಿರಲಿಲ್ಲ. ಬೇರೆ ಊರುಗಳಲ್ಲಿ ದಶಮಿಯ ಬೆಳಗ್ಗೆಯೇ ತೆಗೆಯುತ್ತಾರಂತೆ. ನಮ್ಮ ಓಣಿಯ ರೂಢಿ ಹಾಗಿತ್ತು.

ಆದರೆ ಅಪ್ಪ ಸೈಕಲ್ಲಿಗೆ ಮಾತ್ರ ಈ ನಿಯಮ ಸಡಿಲಿಸುತ್ತಿದ್ದರು. ದಶಮಿಯ ಬೆಳಗ್ಗೆ ಅದನ್ನು ಹೊರಗೆ ತಂದು, ನನ್ನನ್ನು ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಊರಿನ ಸೀಮೆ ದಾಟಿ ಬರುತ್ತಿದ್ದರು. ಕ್ಯಾರಿಯರ್ ಮೇಲೆ ಗಂಟು ಇರುತ್ತಿರಲಿಲ್ಲ. ಸಂತೆ ಇಲ್ಲ, ಸಾಲ ಕೇಳುವುದಿಲ್ಲ, ಯಾರ ಮನೆಗೂ ಹೋಗುವುದಿಲ್ಲ. ಸುಮ್ನೆ ಹೋಗುವುದು, ಬರುವುದು. ಯಾಕಪ್ಪ ಅಂತ ಒಮ್ಮೆ ಕೇಳಿದ್ದೆ. "ವರ್ಷಪೂರ್ತಿ ಇದು ನಮ್ಮ ಭಾರ ಹೊತ್ತೈತಿ. ಇವತ್ತ ಒಂದಿನ ಖಾಲಿ ಓಡ್ಲಿ" ಅಂದಿದ್ದರು.

ವಿಜಯದಶಮಿಯ ದಿನ ಸೀಮೆ ದಾಟುವುದಕ್ಕೆ ಸೀಮೋಲ್ಲಂಘನ ಅನ್ನುತ್ತಾರೆ. ರಾಜರಿಗೆ ಅದು ದಂಡಯಾತ್ರೆಯ ಆರಂಭ. ಮಳೆಗಾಲ ಮುಗಿದಿರುತ್ತದೆ, ಹೊಳೆಗಳು ಇಳಿಯುತ್ತಿರುತ್ತವೆ, ದಾರಿ ಗಟ್ಟಿಯಾಗಿರುತ್ತದೆ. ಹೊರಡಲು ಹದವಾದ ಕಾಲ. ಅಪ್ಪನ ಸೀಮೋಲ್ಲಂಘನದಲ್ಲಿ ದಂಡೂ ಇರಲಿಲ್ಲ, ಗೆಲ್ಲುವ ಊರೂ ಇರಲಿಲ್ಲ. ದೊಡ್ಡವನಾದ ಮೇಲೆ ನಾನು ಅದನ್ನು ಬಿಟ್ಟೆ. ನೌಕರಿ, ಮಕ್ಕಳ ಓದು, ಸಾಹೇಬರ ತಪಾಸಣೆ. ಹಬ್ಬದ ರಜೆ ಅಂದರೆ ಮಲಗುವುದು, ಇಲ್ಲ ಪೇಪರ್ ತಿದ್ದುವುದು. ನಿವೃತ್ತಿಯಾದ ಮೇಲೆ ಅಪ್ಪನ ಸೈಕಲ್ ಅಟ್ಟದಿಂದ ಇಳಿಸಿದೆ. ಟೈರು, ಟ್ಯೂಬು, ಚೈನು, ಸೀಟು ಹೊಸದು ಹಾಕಿಸಿದೆ. ಚೌಕಟ್ಟು ಮಾತ್ರ ಅದೇ 1974ರದ್ದು.

ಕಳೆದ ದಸರೆಗೆ ನಾನೂ ನನ್ನ ಸೈಕಲ್ ಪೂಜೆ ಮಾಡಿದೆ. ಸೀಟಿನ ಕೆಳಗಿನ ಚೀಲದಲ್ಲಿ ಮಗಳು ಕೊಡಿಸಿದ್ದ ಪಂಕ್ಚರ್ ಸಾಮಾನು ಇತ್ತು. ತೇಪೆ, ಸೊಲ್ಯೂಷನ್ ಟ್ಯೂಬು, ಟೈರ್ ಎಬ್ಬಿಸುವ ಎರಡು ಪಟ್ಟಿ, ಒಂದು ಸಣ್ಣ ಪಂಪು. ಅದಕ್ಕೂ ಅರಿಶಿನ ಕುಂಕುಮ ಹಚ್ಚಿದೆ. ಅದನ್ನು ಬಳಸಲು ನನಗೆ ಬರುತ್ತಿರಲಿಲ್ಲ. ಪೂಜೆ ಮಾಡುವಾಗ ಆ ಯೋಚನೆಯೇ ಬರಲಿಲ್ಲ.

ದಶಮಿಯ ಬೆಳಗ್ಗೆ ಆರಕ್ಕೆ ಹೊರಟೆ. "ಹೋಳಿಗಿ ಊಟಕ್ಕ ಬರ್ತೀರಿಲ್ಲೊ?" ಅಂತ ಮನೆಯವರು ಕೇಳಿದರು. ಸಂಜೆ ಉಣ್ತೀನಿ ಅಂದೆ. ಬೈಯಲಿಲ್ಲ. ನಾಲ್ಕು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಹಬ್ಬದ ದಿನ ಐದಕ್ಕೆ ಎದ್ದು ನನ್ನ ಹುಕಿಗೆ ರೊಟ್ಟಿ ಬಡಿದಿದ್ದರು. ಇದನ್ನು ನಾನು ಬನಶಂಕರಿ ದಾಟುವವರೆಗೂ ಯೋಚಿಸಿರಲಿಲ್ಲ. ಕ್ಯಾರಿಯರ್ ಮೇಲಿನ ಬುತ್ತಿ ಇನ್ನೂ ಬೆಚ್ಚಗಿತ್ತು. ಬನಶಂಕರಿ ಗುಡಿಯ ಹತ್ತಿರ ರೊಟ್ಟಿ ಬುಟ್ಟಿ, ಮೊಸರಿನ ಕುಡಿಕೆ ತಲೆಯ ಮೇಲೆ ಹೊತ್ತು ಮಾರುವ ತಾಯಂದಿರನ್ನು ನೀವು ಬಲ್ಲಿರಿ. ಅವರಲ್ಲಿ ಇಬ್ಬರು ಅಷ್ಟು ಬೆಳಗ್ಗೆಯೇ ಬುಟ್ಟಿ ಹೊತ್ತು ಬರುತ್ತಿದ್ದರು. ಅವರ ತಲೆಯ ಮೇಲಿನ ರೊಟ್ಟಿ ಎಷ್ಟು ಗಂಟೆಗೆ ಎದ್ದು ಬಡಿದದ್ದು ಅಂತ ಲೆಕ್ಕ ಹಾಕಿದೆ. ಆಗ ನನ್ನ ಬುತ್ತಿಯ ಲೆಕ್ಕವೂ ನೆನಪಾಯಿತು. ಅಲ್ಲೇ ನಿಂತು ಮನೆಗೆ ಫೋನ್ ಮಾಡಿದೆ. ಏನು ಹೇಳಬೇಕು ಗೊತ್ತಾಗದೆ, "ರೊಟ್ಟಿ ಬಿಸಿ ಅದಾವು" ಅಂದೆ. ಆ ಕಡೆಯಿಂದ, "ಅದನ್ನ ಹೇಳಾಕ ಫೋನ್ ಮಾಡೀರೇನು?" ಅಂದರು. ಹೌದು, ಅದಕ್ಕೇ ಮಾಡಿದ್ದೆ.

ಅಲ್ಲಿಂದ ಮುಂದೆ ರಸ್ತೆಯ ಎರಡೂ ಕಡೆ ಹೊಲ. ತೊಗರಿ ಹೂ ಬಿಡಲು ಸಜ್ಜಾಗಿತ್ತು. ಒಂದು ಕಡೆ ಉಳ್ಳಾಗಡ್ಡಿ ಕಿತ್ತು ಗುಡ್ಡೆ ಹಾಕಿದ್ದರು. ಅದರ ವಾಸನೆ ಅರ್ಧ ಕಿಲೋಮೀಟರ್ ನನ್ನ ಜೊತೆ ಬಂತು. ಹಿಂಗಾರಿ ಜೋಳಕ್ಕೆ ಹೊಲ ಹರಗಿ ಬಿಟ್ಟಿದ್ದರು. ಒಂದು ಕುರಿ ಹಿಂಡು ಅಡ್ಡ ಬಂತು. ಕೊನೆಯ ಕುರಿ ದಾಟುವ ತನಕ ಒಂದು ಕಾಲು ನೆಲಕ್ಕೆ ಊರಿ ನಿಂತೆ. ಕುರಿ ಕಾಯುವ ಹುಡುಗ ಕೈ ಎತ್ತಿದ. ನಾನೂ ಎತ್ತಿದೆ. ಈ ದಾರಿಯಲ್ಲಿ ನಾನು ಶಾಲೆಯ ಪ್ರವಾಸದ ಬಸ್ಸಿನಲ್ಲಿ ಇಪ್ಪತ್ತು ಸಲವಾದರೂ ಹೋಗಿದ್ದೇನೆ. ಬಸ್ಸಿನಲ್ಲಿ ನನ್ನ ಕಣ್ಣು ಹುಡುಗರ ತಲೆ ಎಣಿಸುವುದರಲ್ಲೇ ಇರುತ್ತಿತ್ತು. ಇದು ಏರು ದಾರಿ, ಇದು ಇಳಿಜಾರು ಅಂತ ನನಗೆ ಮೊದಲ ಸಲ ಗೊತ್ತಾದದ್ದು ಅವತ್ತು. ಗೊತ್ತಾದದ್ದು ಮೊಣಕಾಲಿಗೆ.

ಬನಶಂಕರಿ ಬಿಟ್ಟು ಸ್ವಲ್ಪ ದೂರ ಹೋಗಿರಬೇಕು. ಹಿಂದಿನ ಗಾಲಿ ಮೆತ್ತಗಾಯಿತು. ಇಳಿದು ನೋಡಿದರೆ ಗಾಳಿ ಪೂರ್ತಿ ಇಳಿದಿದೆ. ಜಾಲಿ ಮುಳ್ಳು. ತಳ್ಳಿಕೊಂಡು ನಡೆದೆ. ಮುಂದೆ ಒಂದು ಸಣ್ಣ ಊರು. ರಸ್ತೆಯ ಬದಿಗೆ ತಗಡಿನ ಒಂದು ಪಂಕ್ಚರ್ ಅಂಗಡಿ. ಹಿಂದೆಯೇ ಮನೆ. ಅಂಗಡಿಗೆ ಮಾವಿನ ತೋರಣ, ಬಾಗಿಲಲ್ಲಿ ಬೂದುಗುಂಬಳದ ಹೋಳು. ಒಳಗೆ ಗೋಡೆಯ ಹತ್ತಿರ ಪಾನಾ, ಸುತ್ತಿಗೆ, ಕಾಲಲ್ಲಿ ಒತ್ತುವ ಪಂಪು, ಎಲ್ಲಕ್ಕೂ ವಿಭೂತಿ ಎಳೆದು ಹೂ ಇಟ್ಟಿದ್ದರು. ಕಟ್ಟೆಯ ಮೇಲೆ ಅಂಗಡಿಯವ ಹೊಸ ಅಂಗಿ ಹಾಕಿಕೊಂಡು ಕೂತಿದ್ದ. ಮೂವತ್ತರ ಹತ್ತಿರದ ವಯಸ್ಸು.

"ಒಂದ್ ಪಂಕ್ಚರ್ ಐತಪ್ಪ" ಅಂದೆ.

ಅವನಿಗೆ ಪೇಚಾಯಿತು. ಎದ್ದು ನಿಂತ. "ಸರ್ರ, ಹತಾರ ಪೂಜಿಗಿಟ್ಟೀನ್ರಿ. ಸಂಜೀಕ ಬನ್ನಿ ಮುಡದ ಮ್ಯಾಲ ತಗಿಯೂದ್ರಿ. ನಮ್ಮಪ್ಪ ಇದ್ದಾಗಿಂದ ಹಂಗ ಐತ್ರಿ."

ಎರಡು ಪಟ್ಟು ಹಣ ಕೊಡುತ್ತೇನೆ ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. ನಮ್ಮ ಮನೆಯ ಲಾಳಿ ನೆನಪಾಗಿ ಸುಮ್ಮನಾದೆ. ಇರಲಿ, ನಡೆದು ಹೋಗ್ತೀನಿ ಅಂದೆ. ಅವನಿಗೆ ಅದೂ ಸರಿ ಬರಲಿಲ್ಲ. ನನ್ನ ಸೀಟಿನ ಕೆಳಗಿನ ಚೀಲ ನೋಡಿದ. ಕುಂಕುಮ ಕಂಡಿರಬೇಕು. "ಅದ್ರಾಗ ಏನೈತ್ರಿ?" ಅಂದ. ತೋರಿಸಿದೆ.

"ನಿಮ್ಮ ಹತಾರಾನೂ ಹೊರಗ ಬಂದಾವಲ್ರಿ. ನೀವ ಹಾಕ್ರಿ. ನಾ ಹೇಳ್ತೀನಿ."

ಒಳಗಿಂದ ಅವನ ತಾಯಿ ಒಂದು ಬೋಗುಣಿಯಲ್ಲಿ ನೀರು ತಂದಿಟ್ಟರು. ಅಂಗಡಿಯ ಬಾನಿ ಪೂಜೆಯಲ್ಲಿತ್ತು. ಇದು ಅಡುಗೆಮನೆಯ ಬೋಗುಣಿ. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಕೈ ತಾನಾಗಿ ಮುಂದೆ ಬಂದುಬಿಟ್ಟೀತು ಅನ್ನುವ ಹೆದರಿಕೆ ಇದ್ದ ಹಾಗೆ. ನಾನು ನೆಲಕ್ಕೆ ಕೂತೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಿಂದಿನ ಗಾಲಿ ಬಿಚ್ಚಬೇಕಿಲ್ಲ ಅಂದ. ಸೈಕಲ್ ಮಲಗಿಸಿ, ಪಟ್ಟಿ ಹಾಕಿ ಟೈರಿನ ಒಂದು ಅಂಚು ಮಾತ್ರ ಎಬ್ಬಿಸಿ, ಟ್ಯೂಬನ್ನು ಪಕ್ಕಕ್ಕೆ ಎಳೆದರೆ ಸಾಕು. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿದೆ. ನೀರಲ್ಲಿ ಅದ್ದಿ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಒಂದು ಜಾಗದಲ್ಲಿ ಗುಳ್ಳೆ ಎದ್ದವು. ಅಲ್ಲಿ ಬೆರಳಿಟ್ಟು ಗುರುತು ಮಾಡಿ ಒರೆಸಿದೆ. ಉಜ್ಜುವ ಕಾಗದದಿಂದ ಒರಟಾಗುವ ತನಕ ಉಜ್ಜಿದೆ. ಸೊಲ್ಯೂಷನ್ ಹಚ್ಚಿದೆ. ಹಚ್ಚಿದ ಕೂಡಲೇ ತೇಪೆ ಅಂಟಿಸಲು ಹೋದೆ. "ಗಡಿಬಿಡಿ ಮಾಡಬ್ಯಾಡ್ರಿ ಸರ್ರ. ಅದು ಒಣಗಬೇಕ್ರಿ. ಹಸಿ ಇದ್ದಾಗ ಹಚ್ಚಿದ್ರ ಹಿಡಿಯೂದಿಲ್ಲ" ಅಂದ. ಕಾದೆ. ಬೆರಳು ಮುಟ್ಟಿಸಿದರೆ ಸ್ವಲ್ಪವೇ ಅಂಟುವಷ್ಟು ಒಣಗಿದ ಮೇಲೆ ತೇಪೆ ಒತ್ತಿದೆ. ಮುಗಿಯಿತು ಅಂತ ಟ್ಯೂಬು ಒಳಗೆ ಹಾಕಲು ಹೋದರೆ ಮತ್ತೆ ತಡೆದ. "ಮುಳ್ಳು ಎಲ್ಲೈತಿ?" ಅಂದ. ಟೈರಿನ ಒಳಗೆ ಬೆರಳು ಆಡಿಸು ಅಂದ. ಆಡಿಸಿದೆ. ಚುಚ್ಚಿತು. ಕಾಲು ಇಂಚಿನ ಮುಳ್ಳಿನ ತುದಿ ಅಲ್ಲೇ ಮುರಿದು ಕೂತಿತ್ತು.

ಇದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅವನು ಮಾಡಿದ್ದರೆ ಹತ್ತು ನಿಮಿಷ. ನೆಲದ ಮೇಲೆ ಕೂತಿದ್ದಾಗ ಒಂದು ಲೆಕ್ಕ ತಲೆಗೆ ಬಂತು. ಐವತ್ತು ವರ್ಷ ನಾನು ಸೈಕಲ್ ಹೊಡೆದಿದ್ದೇನೆ. ನನ್ನ ಟ್ಯೂಬಿಗೆ ಎಷ್ಟು ತೇಪೆ ಬಿದ್ದಿರಬಹುದು? ನೂರಂತೂ ಇದ್ದೀತು. ಅಷ್ಟೂ ಸಲ ಯಾರೋ ಒಬ್ಬರು ನೆಲದ ಮೇಲೆ ಹೀಗೆ ಕೂತಿದ್ದರು. ನಾನು ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಬೇಗ ಮಾಡಪ್ಪ, ಸ್ಕೂಲಿಗೆ ಹೊತ್ತಾಯಿತು ಅಂತಿದ್ದೆ. ಹಣ ಕೊಟ್ಟಿದ್ದೇನೆ, ಸುಳ್ಳಲ್ಲ. ಆದರೆ ಅವರಲ್ಲಿ ಒಬ್ಬರ ಮುಖವೂ ಈಗ ನೆನಪಿಗೆ ಬರುತ್ತಿಲ್ಲ. ಇದನ್ನು ನಿಮ್ಮ ಮುಂದೆ ಹೇಳಲು ನನಗೆ ನೋವಾಗುತ್ತದೆ. ಮಕ್ಕಳಿಗೆ ಉಪಕಾರ ಸ್ಮರಣೆಯ ಬಗ್ಗೆ ಪ್ರಬಂಧ ಬರೆಸಿದವನು ನಾನು.

ಸೈಕಲ್ಲಿಗೆ ಗಾಳಿ ತುಂಬಿದ ಟೈರು ಬಂದದ್ದೇ ಒಬ್ಬ ತಂದೆಯ ಕೈಯಿಂದ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅಂತ ಅದನ್ನು ಮಾಡಿದ್ದು. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದಕ್ಕೆ ಮೊದಲು ಸೈಕಲ್ ಗಾಲಿಗಳೆಲ್ಲ ಗಟ್ಟಿ. ಕಲ್ಲುಹಾಸಿನ ರಸ್ತೆಯಲ್ಲಿ ಹುಡುಗನಿಗೆ ಮೈಯೆಲ್ಲ ಅಲುಗುತ್ತಿತ್ತು. ಆ ಹುಡುಗನಿಗೆ ಸುಖವಾಗಲಿ ಅಂತ ಮಾಡಿದ್ದು ಇವತ್ತು ನನ್ನ ಮುದಿ ಬೆನ್ನನ್ನೂ ಕಾಯುತ್ತಿದೆ.

ಹಣ ಕೊಡಲು ಹೋದೆ. "ಕೆಲಸ ಮಾಡಿದವ್ರು ನೀವು. ನಾ ಯಾಕ ರೊಕ್ಕ ತಗೊಳ್ಳಿ?" ಅಂದ. ಅವನ ತಾಯಿ ಒಂದು ಲೋಟ ಚಹಾ ಕೊಟ್ಟರು. ಬೋಗುಣಿಯ ನೀರನ್ನು ತೊಂಡೆ ಬಳ್ಳಿಗೆ ಹಾಕಿದರು. ಸಂಜೆ ಇದೇ ದಾರಿಯಲ್ಲಿ ಬರುತ್ತೇನೆ, ಬನ್ನಿ ಕೊಡುತ್ತೇನೆ ಅಂದು ಹೊರಟೆ.

ಪಟ್ಟದಕಲ್ಲಿಗೆ ಮುಟ್ಟಿದಾಗ ಒಂಬತ್ತೂವರೆ. ಹೊಳೆಯ ಕಡೆ ಮೊದಲು ಹೋದೆ. ಮಲಪ್ರಭೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ನೀರು ಕೆಂಪಗೆ, ಸಮಾಧಾನವಾಗಿತ್ತು. 2019ರ ಆಗಸ್ಟಿನಲ್ಲಿ ಇದೇ ಹೊಳೆ ಉಕ್ಕಿ ಗುಡಿಗಳ ಆವರಣದೊಳಗೆ ನುಗ್ಗಿತ್ತು. ದಂಡೆಯ ಊರುಗಳ ಜನ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಿದ್ದರು. ಇಲ್ಲಿ ಕೂತವರಲ್ಲೂ ಆಗ ಮನೆ ಕಳೆದುಕೊಂಡವರಿದ್ದೀರಿ. ಹಾಗಾಗಿ ಹೊಳೆಯನ್ನು ಬರೀ ಹೊಗಳಿ ಮಾತಾಡಲು ನನಗೆ ಆಗುವುದಿಲ್ಲ. ಆದರೂ ದಂಡೆಗೆ ಹೋದರೆ ಕೈ ತಾನಾಗಿ ಮುಗಿಯುತ್ತದೆ. ನನ್ನ ಬುತ್ತಿಯ ಜೋಳಕ್ಕೂ, ಮನೆಯ ಕೊಡಕ್ಕೂ ನೀರು ಈ ಸೀಮೆಯದೇ ತಾನೆ.

ವಿರೂಪಾಕ್ಷ ಗುಡಿಯ ಕಥೆ ನಿಮಗೆ ಎಂಟನೇ ತರಗತಿಯಲ್ಲೋ ಒಂಬತ್ತರಲ್ಲೋ ಹೇಳಿದ್ದೇನೆ. ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೇ ಶತಮಾನದಲ್ಲಿ ಕಟ್ಟಿಸಿದ್ದು. ಇಸವಿ ಕೇಳಿದ್ದೇನೆ, ಎರಡು ಅಂಕ ಕೊಟ್ಟಿದ್ದೇನೆ. ಆದರೆ ಅವತ್ತು, ಗೆಲುವಿನ ಹಬ್ಬದ ದಿನ, ಗೆಲುವಿಗಾಗಿ ಕಟ್ಟಿದ ಗುಡಿಯ ಮುಂದೆ ಕೂತಾಗ ನನಗೆ ಕಂಚಿಯ ಶಾಸನ ನೆನಪಾಯಿತು. ವಿಕ್ರಮಾದಿತ್ಯ ಕಂಚಿಯ ರಾಜಸಿಂಹೇಶ್ವರ ಗುಡಿಯಲ್ಲಿ ಒಂದು ಶಾಸನ ಹಾಕಿಸಿದ. ಇವತ್ತು ಅದನ್ನು ಕೈಲಾಸನಾಥ ಗುಡಿ ಅನ್ನುತ್ತಾರೆ. ತಮಿಳು ಸೀಮೆಯ ಆ ಗುಡಿಯಲ್ಲಿರುವ ಶಾಸನ ಕನ್ನಡದಲ್ಲಿದೆ. ದೇವರ ಸಂಪತ್ತನ್ನು ನೋಡಿ, ಅದನ್ನು ತಾನು ಇಟ್ಟುಕೊಳ್ಳದೆ ದೇವರಿಗೇ ಮರಳಿ ಕೊಟ್ಟ ಅಂತ ಅದರಲ್ಲಿದೆ.

ಐಹೊಳೆಯ ಮೇಗುತಿ ಗುಡಿಯಲ್ಲಿ ಇನ್ನೊಂದು ಗೆಲುವಿನ ಶಾಸನ ಇದೆ. 634ರದ್ದು. ರವಿಕೀರ್ತಿ ಬರೆದದ್ದು. ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಅದ್ಭುತವಾದ ಸಂಸ್ಕೃತದಲ್ಲಿ ಹೊಗಳುತ್ತದೆ. ನಾನು ಅದನ್ನೇ ಮಕ್ಕಳಿಗೆ ಜಾಸ್ತಿ ಹೇಳುತ್ತಿದ್ದೆ. ಕಂಚಿಯದನ್ನು ಒಂದು ಸಾಲಲ್ಲಿ ಮುಗಿಸುತ್ತಿದ್ದೆ. ಈಗಾದರೆ ತಿರುಗಾಮುರುಗಾ ಮಾಡುತ್ತಿದ್ದೆ. ಕೈಗೆ ಸಿಕ್ಕ ಬಂಗಾರವನ್ನು ಮರಳಿ ಕೊಟ್ಟ ರಾಜ ನಮ್ಮ ಮಲಪ್ರಭೆ ದಂಡೆಯವನು. ನಾವು ದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರ ಅಂತ ಕರೆದು ಕಂಡವರ ಕೈಗೆಲ್ಲ ಕೊಡುವವರು. ಇವೆರಡಕ್ಕೂ ಸಂಬಂಧ ಇದೆ ಅಂತ ಇತಿಹಾಸದ ಮೇಷ್ಟ್ರಾಗಿ ನಾನು ಹೇಳಲಾರೆ. ಅವತ್ತು ಆ ಕಲ್ಲಿನ ಕಟ್ಟೆಯ ಮೇಲೆ ಕೂತವನಿಗೆ ಎರಡೂ ಒಟ್ಟಿಗೆ ನೆನಪಾದವು, ಅಷ್ಟೇ.

ಇನ್ನೊಂದು ಸಂಗತಿ. ಆ ಗುಡಿಯನ್ನು ಕಟ್ಟಿದವನ ಹೆಸರು ನಮಗೆ ಗೊತ್ತಿದೆ. ಗುಂಡ. ಅವನಿಗೆ ತ್ರಿಭುವನಾಚಾರಿ ಅನ್ನುವ ಬಿರುದು ಕೊಟ್ಟು ಗೌರವಿಸಿದ್ದನ್ನು ಅಲ್ಲಿಯ ಕನ್ನಡ ಶಾಸನ ಹೇಳುತ್ತದೆ. ಪಟ್ಟದಕಲ್ಲಿನ ಗುಡಿಗಳಲ್ಲಿ ಶಿಲ್ಪಿಗಳ ಹೆಸರೂ ಅಲ್ಲಲ್ಲಿ ಕೆತ್ತಿವೆ. ಒಬ್ಬ ಬಲದೇವ. ದುಗ್ಗಿ ಆಚಾರಿಯ ಮಗ ಅಂತ ತಂದೆಯ ಹೆಸರನ್ನೂ ಸೇರಿಸಿದ್ದಾನೆ. ಇಪ್ಪತ್ತು ಸಲ ಹೋದರೂ ನಾನು ಆ ಅಕ್ಷರಗಳ ಮುಂದೆ ಐದು ನಿಮಿಷ ನಿಂತವನಲ್ಲ. ಅವತ್ತು ನಿಂತೆ. ಬೆರಳಲ್ಲಿ ಸೊಲ್ಯೂಷನ್ ವಾಸನೆ ಇನ್ನೂ ಇತ್ತು. ಉಳಿ ಹಿಡಿದ ಕೈ ಎಷ್ಟು ನೋಯುತ್ತಿತ್ತೋ, ಅವನ ಉಳಿಗೆ ಯಾರು ಸಾಣೆ ಹಿಡಿಯುತ್ತಿದ್ದರೋ, ನವಮಿಯ ದಿನ ಅವನೂ ಉಳಿ ಕೆಳಗಿಡುತ್ತಿದ್ದನೋ ಏನೋ. ಸಾವಿರದಿನ್ನೂರು ವರ್ಷದ ಹಿಂದಿನ ಒಬ್ಬ ಮಗ ತನ್ನ ಕೆಲಸದ ಮೇಲೆ ತಂದೆಯ ಹೆಸರು ಬರೆದಿದ್ದಾನೆ. ನಾನು ನಮ್ಮಪ್ಪನ ಹೆಸರನ್ನು ಎಲ್ಲಿ ಬರೆದಿದ್ದೇನೆ? ಅರ್ಜಿಗಳಲ್ಲಿ. ಅದಕ್ಕೆ ಅಂತ ಒಂದು ಗೆರೆ ಇರುತ್ತಲ್ಲ, ಅಲ್ಲಿ. ಆ ಕಪ್ಪು ಚೌಕಟ್ಟಿನ ಸೈಕಲ್ ಗುಡಿಯ ಹೊರಗೆ ಬೇವಿನ ಗಿಡಕ್ಕೆ ಒರಗಿ ನಿಂತಿತ್ತು. ಹೊರಗೆ ಬಂದವನು ಅದರ ಬಾರಿನ ಮೇಲೆ, ನಾನು ಚಿಕ್ಕವನಾಗಿ ಕೂತಿರುತ್ತಿದ್ದ ಜಾಗದಲ್ಲಿ, ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತೆ.

ಐಹೊಳೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇಗುತಿ ಗುಡ್ಡ ಹತ್ತಲು ಕಾಲು ಒಪ್ಪಲಿಲ್ಲ. ದುರ್ಗ ಗುಡಿಯ ಹತ್ತಿರ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆ. ನಾಲ್ಕೂ ರೊಟ್ಟಿ ತಿಂದೆ.

ಊಟವಾದ ಮೇಲೆ ಅಲ್ಲಿಯ ರಸ್ತೆಯಲ್ಲಿ ಇಬ್ಬರು ಹುಡುಗಿಯರು ಒಂದೇ ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಒಬ್ಬಳು ತುಳಿಯುತ್ತಿದ್ದಳು, ಇನ್ನೊಬ್ಬಳು ಹಿಂದೆ ಕೂತು ತಟ್ಟೆಯೊಂದನ್ನು ಹಿಡಿದಿದ್ದಳು. ಯಾರದೋ ಮನೆಗೆ ಹೋಳಿಗೆ ಇರಬೇಕು. ನನಗೆ ನಿಮ್ಮಲ್ಲಿ ಕೆಲವರು ನೆನಪಾದಿರಿ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ. ನಮ್ಮ ಶಾಲೆಗೆ ಅವು ಬಿಡಿ ಬಿಡಿಯಾಗಿ ಲಾರಿಯಲ್ಲಿ ಬಂದವು. ಮೈದಾನದಲ್ಲಿ ಜೋಡಿಸಿದರು. ಹಳ್ಳದ ಆಚೆಯ ಊರಿನ ಹೆಣ್ಣುಮಕ್ಕಳು, ಅದುವರೆಗೆ ಸೈಕಲ್ ಮುಟ್ಟದವರು, ವಾರದಲ್ಲಿ ಕಲಿತರು. ಬಿದ್ದರು, ಮೊಣಕಾಲು ಕೆತ್ತಿಕೊಂಡರು, ಲಂಗ ಚೈನಿಗೆ ಸಿಕ್ಕಿಸಿಕೊಂಡರು. ಇಲ್ಲೇ ಮೂರನೇ ಸಾಲಿನಲ್ಲಿ ಒಬ್ಬಳು ನಗುತ್ತಿದ್ದಾಳೆ. ಹೌದಮ್ಮ, ನಿನ್ನದೇ ಮಾತು. ಬಸ್ ಇಲ್ಲ, ದೂರ ಆಗುತ್ತೆ, ಎಂಟಕ್ಕೆ ಸಾಕು ಅಂದಿದ್ದ ಅಪ್ಪಂದಿರು ಆ ವರ್ಷ ಸುಮ್ಮನಾದರು. ಬೆಳಗ್ಗೆ ಒಂಬತ್ತೂವರೆಗೆ ರಸ್ತೆಯ ಆ ತಿರುವಿನಲ್ಲಿ ನೀವೆಲ್ಲ ಗುಂಪಾಗಿ ಗಂಟೆ ಬಾರಿಸುತ್ತ ಬರುತ್ತಿದ್ದಿರಿ. ಅದನ್ನು ನೋಡಲೆಂದೇ ನಾನು ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ತಡವಾಗಿ ಬಂದವರನ್ನು ಹಿಡಿಯಲು ನಿಂತಿದ್ದೇನೆ ಅಂತ ನೀವು ತಿಳಿದಿದ್ದಿರಿ. ನನ್ನ ನೌಕರಿಯ ಒಳ್ಳೆಯ ದಿನಗಳಲ್ಲಿ ಅವೂ ಸೇರಿವೆ. ಈ ಮಾತನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಇವತ್ತು ನನ್ನನ್ನು ಕರೆದಾಗ ಬರುತ್ತೇನೆ ಅಂದದ್ದು ಇದನ್ನು ಹೇಳುವುದಕ್ಕೇ.

ಬಿಸಿಲು ಇಳಿದ ಮೇಲೆ ವಾಪಸ್ ಹೊರಟೆ. ಗಾಳಿ ಎದುರಿಗಿತ್ತು. ಸೈಕಲ್ ಹೊಡೆಯುವವರಿಗೆ ಎದುರು ಗಾಳಿ ಏರಿಗಿಂತ ಕಷ್ಟ. ಏರು ಮುಗಿಯುವುದು ಕಾಣುತ್ತದೆ, ಗಾಳಿ ಮುಗಿಯುವುದು ಕಾಣುವುದಿಲ್ಲ. ಎರಡು ಕಡೆ ಇಳಿದು ತಳ್ಳಿದೆ. ಒಂದು ಹೊಲದ ಬದುವಿನಲ್ಲಿ ಬನ್ನಿ ಗಿಡ ಕಂಡಿತು. ಪಾಂಡವರು ಅಜ್ಞಾತವಾಸದಲ್ಲಿ ಆಯುಧ ಬಚ್ಚಿಟ್ಟ ಗಿಡ. ಹೊಲದವರು ಅಲ್ಲೇ ಪೂಜೆ ಮುಗಿಸಿದ್ದರು. ಕೇಳಿ ಒಂದು ಹಿಡಿ ಎಲೆ ಬಿಡಿಸಿಕೊಂಡೆ. ಟೊಂಗೆ ಮುರಿಯಲಿಲ್ಲ. ಈಚೆಗೆ ಪೇಟೆಗಳಲ್ಲಿ ಟೊಂಗೆ ಟೊಂಗೆಯೇ ಕಡಿದು ತಂದು ರಾಶಿ ಹಾಕಿ ಮಾರುತ್ತಾರೆ. ಮರುದಿನ ಅದು ಕಸದ ಗಾಡಿಗೆ ಹೋಗುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ಇದೇ ಜಾತಿಯ ಮರಗಳನ್ನು ಉಳಿಸಲು 1730ರಲ್ಲಿ ರಾಜಸ್ಥಾನದ ಖೇಜಡ್ಲಿ ಅನ್ನುವ ಊರಿನಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟರು. ಅಮೃತಾದೇವಿ ಅನ್ನುವ ತಾಯಿ ಮರ ತಬ್ಬಿ ನಿಂತವರಲ್ಲಿ ಮೊದಲಿಗಳು. ಒಬ್ಬೊಬ್ಬರಿಗೆ ಕೊಡಲು ಎರಡೆರಡು ಎಲೆ ಸಾಕಲ್ವಾ?

ಆ ಊರಿಗೆ ಬರುವಾಗ ಐದೂವರೆ. ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಮನೆಯಿಂದ ಮನೆಗೆ ಓಡುತ್ತಿದ್ದರು. ಪಂಕ್ಚರ್ ಅಂಗಡಿಯವ ಆಗತಾನೆ ಊರ ಹೊರಗಿನ ಬನ್ನಿ ಗಿಡದಿಂದ ಬಂದಿದ್ದ. ನನ್ನನ್ನು ನೋಡಿ, "ಬಂದ್ರೇನ್ರಿ ಸರ್ರ, ತೇಪಿ ನಿಂತೈತೇನ್ರಿ?" ಅಂದ. ನಿಂತಿದೆ ಅಂದೆ.

ಮೊದಲು ಅವನ ತಾಯಿಗೆ ಬನ್ನಿ ಕೊಟ್ಟು ನಮಸ್ಕಾರ ಮಾಡಿದೆ. ಆಮೇಲೆ ಅವನಿಗೆ ಕೊಡಲು ಕೈ ಮುಂದೆ ಮಾಡಿದೆ. ಅವನೂ ನನಗೆ ಕೊಡಲು ಎಲೆ ಹಿಡಿದು ಬಂದ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಅಂದು ಕಾಲು ಮುಟ್ಟಲು ಬಗ್ಗಿದ. ನಾನು ಅವನ ಕೈ ಹಿಡಿದುಕೊಂಡೆ. ದೊಡ್ಡವರು ಆಶೀರ್ವಾದ ಮಾಡಬೇಕು. ನನಗೆ ಮಾತೇ ಬರಲಿಲ್ಲ. ನಿನ್ನ ಹೆಸರೇನಪ್ಪ ಅಂತ ಕೇಳಿದೆ. ಹೇಳಿದ. ಅಪ್ಪನ ಹೆಸರು ಕೇಳಿದೆ. ಅದನ್ನೂ ಹೇಳಿದ.

ಆಮೇಲೆ ಅವನು ಅಂಗಡಿಯೊಳಗೆ ಹೋಗಿ ಕೈಮುಗಿದ. ಪಂಪಿನ ಮೇಲಿದ್ದ ಹೂ ತೆಗೆದು ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಟ್ಟ. ಪಂಪನ್ನು ಹೊರಗೆ ತಂದ. ನನ್ನ ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಸಣ್ಣ ಪಂಪಿಂದು ಸಾಲೂದಿಲ್ರಿ. ಇನ್ನೊಂದೀಟು ಹಾಕ್ತೀನಿ, ನಿಲ್ರಿ" ಅಂದ.

ನಿಂತೆ. ಅವತ್ತು ಗಡಿಯಾರ ನೋಡಲಿಲ್ಲ. ಅವನ ಮುಖ ನೋಡುತ್ತ ನಿಂತೆ.